ಅಂಗಡಿಗೊಂದು ಚಹರೆ: ಇಳಕಲ್‌ನಿಂದ ಬೆಳಗಾವಿವರೆಗಿನ ಸಣ್ಣ ವ್ಯಾಪಾರಕ್ಕೆ ಕ್ಯಾನ್ವಾ ಎಷ್ಟು ಒಪ್ಪುತ್ತದೆ

ಪೋಸ್ಟ್, ಪೋಸ್ಟರ್ ವಿನ್ಯಾಸ ಮಾಡಿಕೊಳ್ಳುವ ಆನ್‌ಲೈನ್ ಸಾಧನವಾದ ಕ್ಯಾನ್ವಾದಲ್ಲಿ ಎಲ್ಲರೂ ಮೊದಲು ಹೊಗಳುವುದು ಅದರ ಟೆಂಪ್ಲೇಟ್, ಅಂದರೆ ಸಿದ್ಧ ವಿನ್ಯಾಸಗಳ ರಾಶಿಯನ್ನು. ಸಣ್ಣ ಅಂಗಡಿಯ ಚಹರೆ ಕೆಡಿಸುವುದೂ ಅದೇ ರಾಶಿ. ಸಂಕ್ರಾಂತಿ ಬಂತೆಂದರೆ ವಿಜಯಪುರದ ಕಿರಾಣಿ ಅಂಗಡಿಯ ಪುಟದಲ್ಲೂ ಗಾಳಿಪಟ ಹಾರುತ್ತದೆ. ಸಿದ್ಧೇಶ್ವರ ಜಾತ್ರೆ, ಕುಸುರೆಳ್ಳು ಯಾವುದೂ ಅಲ್ಲಿಲ್ಲ. ಬಸವ ಜಯಂತಿಗೆ ಕೇಸರಿ, ರಾಜ್ಯೋತ್ಸವಕ್ಕೆ ಹಳದಿ-ಕೆಂಪು, ದೀಪಾವಳಿಗೆ ನೇರಳೆ ಮೇಲೆ ಬಂಗಾರ, ಪ್ರತಿ ಸಲ ಹೊಸ ಅಕ್ಷರ, ಲೋಗೊ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಆರು ತಿಂಗಳಾದ ಮೇಲೆ ಇನ್‌ಸ್ಟಾಗ್ರಾಮ್ ಪುಟ ತೆರೆದರೆ ಅದು ಒಬ್ಬರ ಅಂಗಡಿ ಎಂದು ಗಿರಾಕಿಗೆ ಗೊತ್ತೇ ಆಗುವುದಿಲ್ಲ.

ಅದೇ ಕ್ಯಾನ್ವಾವನ್ನು ಟೆಂಪ್ಲೇಟ್ ಮುಟ್ಟದೆ ಖಾಲಿ ಹಾಳೆಯಾಗಿ ಬಳಸಿದರೆ, ಎರಡು ಬಣ್ಣ, ಒಂದು ಕನ್ನಡ ಅಕ್ಷರಶೈಲಿ, ಒಂದು ಮೂಲ ಫೈಲಿನ ಮೇಲೆ ಹಟ ಹಿಡಿದು ನಿಂತರೆ, ಡಿಸೈನರ್ ಇಟ್ಟುಕೊಳ್ಳಲಾಗದ ಅಂಗಡಿಗೆ ಇದಕ್ಕಿಂತ ಸುಲಭದ ಸಾಧನ ಸದ್ಯಕ್ಕಿಲ್ಲ. ಕನ್ನಡದ ವಿಷಯದಲ್ಲಿ ಮಾತ್ರ ಅದು ನಾಲ್ಕಾರು ಕಡೆ ಕೈಕೊಡುತ್ತದೆ. ಈ ವಿಮರ್ಶೆಯಲ್ಲಿ ಹೆಚ್ಚಿನ ಜಾಗ ಅದಕ್ಕೇ.

ಅಕ್ಷರವೇ ಗುರುತು

ಇಳಕಲ್‌ನ ಸೀರೆ ಅಂಗಡಿಗಳೆಲ್ಲ ತೋಪು ತೆನಿಯ (ಕೆಂಪು ಸೆರಗಿನ ಮೇಲಿನ ಬಿಳಿ ವಿನ್ಯಾಸದ) ಚಿತ್ರ ಹಾಕುತ್ತವೆ. ವಿಜಯಪುರದ ಒಣದ್ರಾಕ್ಷಿ ಪೊಟ್ಟಣಗಳ ಮೇಲೆ ಗೋಳಗುಮ್ಮಟ. ಇವು ಊರಿನ ಗುರುತು, ಅಂಗಡಿಯ ಗುರುತಲ್ಲ. ಹಾಗಾಗಿ ಒಂದು ಅಂಗಡಿಯನ್ನು ಇನ್ನೊಂದರಿಂದ ಬೇರೆ ಮಾಡುವ ಕೆಲಸ ಹೆಸರು ಬರೆದ ಅಕ್ಷರದ ಮೇಲೆ ಬೀಳುತ್ತದೆ. ಕ್ಯಾನ್ವಾದ ಫಾಂಟ್ ಪಟ್ಟಿಯಲ್ಲಿ ಭಾಷೆಯ ಸೋಸು (ಫಿಲ್ಟರ್) ಇದೆ. ಅಲ್ಲಿ ಕನ್ನಡ ಆರಿಸಿಯೇ ಹುಡುಕಬೇಕು. ಹಾಗೆ ಮಾಡದೆ ಇಂಗ್ಲಿಷ್ ಫಾಂಟು ಹಿಡಿದು ಕನ್ನಡ ಟೈಪ್ ಮಾಡಿದರೆ, ಆ ಫಾಂಟಿನಲ್ಲಿ ಕನ್ನಡವೇ ಇಲ್ಲದ್ದರಿಂದ ಕ್ಯಾನ್ವಾ ತನಗೆ ತೋಚಿದ ಬದಲಿ ಅಕ್ಷರ ತುಂಬುತ್ತದೆ. ಮೇಲೆ ಹೆಸರು ಒಂದು ಫಾಂಟಿನದು ಎಂದು ತೋರಿಸುತ್ತಿರುತ್ತದೆ, ಹಾಳೆಯ ಮೇಲೆ ಕಾಣುವುದು ಬೇರೆಯೇ. ‘ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ’ ಎಂಬ ದೂರಿನ ಮೂಲ ಬಹುಪಾಲು ಇದೇ.

ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯ ಕನ್ನಡ ಅಕ್ಷರಗಳು ಈಗ ಸಾಕಷ್ಟಿವೆ, ವ್ಯಾಪಾರಕ್ಕೆ ಬಳಸಲು ದುಡ್ಡು ಕೊಡಬೇಕಿಲ್ಲ. ದುಂಡಗೆ ತುಂಬಿದ ಬಾಲೂ ತಮ್ಮ 2 ಸಿಹಿತಿಂಡಿಗೆ, ಬೇಕರಿಗೆ ಹೇಳಿ ಮಾಡಿಸಿದ್ದು. ತೆಳು-ದಪ್ಪದ ಏರಿಳಿತವಿರುವ ಟೀರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಸೀರೆಗೆ, ಖಣಕ್ಕೆ, ಆಭರಣಕ್ಕೆ ಒಪ್ಪುತ್ತದೆ. ಟೀರೊದಲ್ಲಿ ದಪ್ಪ ಅಕ್ಷರ ಪ್ರತ್ಯೇಕವಾಗಿಲ್ಲ, ಬೆಲೆಯನ್ನು ಎದ್ದು ಕಾಣಿಸಬೇಕೆಂದರೆ ಗಾತ್ರ ಹಿಗ್ಗಿಸುವುದೊಂದೇ ದಾರಿ. ನಮ್ಮ ಮೊದಲ ಆಯ್ಕೆ ಅನೇಕ್ ಕನ್ನಡ. ತೆಳುವಿನಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲ ಅಳತೆಯೂ ಅದರಲ್ಲಿದೆ. ಅದಕ್ಕಿಂತ ದೊಡ್ಡ ಅನುಕೂಲ ಬೆಳಗಾವಿಯವರಿಗೆ: ಅದೇ ಬಳಗದಲ್ಲಿ ಅನೇಕ್ ದೇವನಾಗರಿಯೂ ಇಂಗ್ಲಿಷ್ ಅಕ್ಷರಗಳೂ ಇವೆ. ಖಡೇಬಜಾರ್, ಗಣಪತಿ ಗಲ್ಲಿಯ ಅಂಗಡಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕು. ಮೂರಕ್ಕೂ ಬೇರೆ ಬೇರೆ ಕಡೆಯ ಫಾಂಟು ತಂದರೆ ಒಂದು ದಪ್ಪ, ಒಂದು ತೆಳು, ಒಂದು ಕುಳ್ಳು. ಒಂದೇ ಬಳಗದ್ದಾದರೆ ಗೆರೆಯ ದಪ್ಪ ಹೊಂದುತ್ತದೆ. ಬಾಲೂ ಬಳಗದಲ್ಲೂ ಈ ಸೌಕರ್ಯ ಇದೆ. ದೇವನಾಗರಿಗೆ ಬಾಲೂ 2. ಬೇಕಾದ ಫಾಂಟು ಕ್ಯಾನ್ವಾದ ಪಟ್ಟಿಯಲ್ಲಿ ಸಿಗದಿದ್ದರೆ ಹೊರಗಿನಿಂದ ಏರಿಸಬೇಕು, ಅದಕ್ಕೆ ಪ್ರೊ ಚಂದಾ ಬೇಕು.

ಆರಿಸುವ ಮುನ್ನ ಒಂದು ಪರೀಕ್ಷೆ: ‘ಶ್ರೀ, ವಸ್ತ್ರ, ಗುಳೇದಗುಡ್ಡ, ಕಾರ್ಖಾನೆ, ಸ್ವಾದಿಷ್ಟ, ₹1,250’ ಎಂದು ಬರೆದು ಫೋನಿನಲ್ಲಿ ನೋಡಿ. ಒತ್ತಕ್ಷರ ಸರಿಯಾಗಿ ಕೂರಬೇಕು, ಅರ್ಕಾವತ್ತು ಮುಂದಿನ ಅಕ್ಷರಕ್ಕೆ ಅಂಟಬಾರದು, ರೂಪಾಯಿ ಚಿಹ್ನೆ ಬೇರೆ ಫಾಂಟಿನದಾಗಿ ಕಾಣಬಾರದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಆದರೆ ದರದ ಪೋಸ್ಟಿನಲ್ಲಿ ಗಿರಾಕಿಯ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಕನ್ನಡ ಕೆಡುವ ಜಾಗಗಳು

ಮೊದಲನೆಯದು ಸಾಲಿನ ಅಂತರ. ಇಂಗ್ಲಿಷ್ ತಲೆಬರಹಕ್ಕೆಂದು ಮಾಡಿದ ಟೆಂಪ್ಲೇಟಿನಲ್ಲಿ ಅದು 1ರ ಆಸುಪಾಸು ಇರುತ್ತದೆ. ಅದೇ ಚೌಕಟ್ಟಿನಲ್ಲಿ ‘ವಸ್ತ್ರ’ ಬರೆದು ಕೆಳಗಿನ ಸಾಲಿನಲ್ಲಿ ‘ಖರೀದಿ’ ಬರೆದರೆ ಮೇಲಿನ ತಕಾರ-ರಕಾರಗಳ ಒತ್ತು ಕೆಳಗಿನ ಗುಡಿಸಿನ ಮೇಲೆ ಇಳಿಯುತ್ತದೆ. ಕನ್ನಡಕ್ಕೆ 1.4ರಿಂದ 1.5 ಇಡಿ. ಎರಡನೆಯದು ಅಕ್ಷರಗಳ ನಡುವಿನ ಅಂತರ: ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಚೆಂದ ಕಾಣುವುದು ನಿಜ, ಕನ್ನಡದಲ್ಲಿ ಪದವೇ ಚದುರುತ್ತದೆ, ದೀರ್ಘದ ಚಿಹ್ನೆ ತನ್ನ ಅಕ್ಷರದಿಂದ ದೂರ ಸರಿದು ನಿಲ್ಲುತ್ತದೆ. ಸೊನ್ನೆಯಲ್ಲೇ ಇರಲಿ. ಅಕ್ಷರವನ್ನು ಕಮಾನಿನಂತೆ ಬಗ್ಗಿಸುವ ಎಫೆಕ್ಟ್, ಒಂದೊಂದೇ ಅಕ್ಷರ ಮೂಡುವ ಅನಿಮೇಷನ್ ಇವೆರಡೂ ಒತ್ತಕ್ಷರ ಒಡೆಯುವ ಅಪಾಯವಿರುವ ಜಾಗಗಳು. ರೀಲ್‌ಗೆ ಇಡೀ ಸಾಲು ಒಮ್ಮೆಗೇ ಮೂಡುವ ಫೇಡ್ ಸಾಕು.

ಮೂರನೆಯದು ‘ನುಡಿ’, ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಕಡತ. ಎಷ್ಟೋ ಅಂಗಡಿಗಳ ದರಪಟ್ಟಿ, ಕರಪತ್ರ ಡಿಟಿಪಿ ಅಂಗಡಿಯಲ್ಲಿ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಾಗಿದೆ. ಅದನ್ನು ನಕಲು ಮಾಡಿ ಕ್ಯಾನ್ವಾದಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರ ಬರುತ್ತದೆ. ಕಡತ ಕೆಟ್ಟಿಲ್ಲ, ಅದು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಸಂಕೇತದಲ್ಲಿಲ್ಲ ಅಷ್ಟೇ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು, ಅಂಕಿ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ತಿದ್ದಬೇಕು. ಪರಿವರ್ತನೆಯಲ್ಲಿ ಹೆಚ್ಚು ತಪ್ಪುವುದು ಇವೇ.

ಇನ್ನೊಂದು ಸಣ್ಣದು, ಆದರೆ ಕಣ್ಣಿಗೆ ಚುಚ್ಚುವಂಥದ್ದು: ಒಂದು ಪೋಸ್ಟಿನಲ್ಲಿ ‘ಇಳಕಲ್‌ನ ಸೀರೆ’, ಮುಂದಿನದರಲ್ಲಿ ‘ಇಳಕಲ್ನ ಸೀರೆ’, ಮತ್ತೊಂದರಲ್ಲಿ ‘ಇಲಕಲ್’. ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸುವ ಕೀಲಿ ಎಲ್ಲ ಫೋನ್ ಕೀಬೋರ್ಡಿನಲ್ಲೂ ಸುಲಭಕ್ಕೆ ಕಾಣುವುದಿಲ್ಲ. ಹೆಸರು, ಊರು, ಸರಕಿನ ಹೆಸರುಗಳನ್ನು ಒಮ್ಮೆ ಸರಿಯಾಗಿ ಬರೆದು ಮೂಲ ಫೈಲಿನ ಮೊದಲ ಪುಟದಲ್ಲಿಡಿ, ಅಲ್ಲಿಂದಲೇ ನಕಲು ಮಾಡಿ. ಕಾಗುಣಿತವೂ ಬ್ರ್ಯಾಂಡಿನ ಭಾಗವೇ.

ಲೋಗೊ ಮಾತ್ರ ಕ್ಯಾನ್ವಾದಲ್ಲಿ ಮಾಡಬೇಡಿ ಎಂಬುದು ನಮ್ಮ ಖಚಿತ ಸಲಹೆ. ಉಚಿತ ಖಾತೆಯಲ್ಲಿ ಹಿನ್ನೆಲೆ ಇಲ್ಲದ ಪಾರದರ್ಶಕ ಪಿಎನ್‌ಜಿ ಇಳಿಸಲು ಬರುವುದಿಲ್ಲ. ಅಲ್ಲಿನ ಸಿದ್ಧ ಚಿತ್ರ, ಲೋಗೊ ಟೆಂಪ್ಲೇಟ್ ಬಳಸಿದ ಲೋಗೊವನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲೂ ಆಗದು, ಏಕೆಂದರೆ ಅದೇ ಚಿತ್ರ ಬಳಸುವ ಹಕ್ಕು ಮಿಕ್ಕ ಎಲ್ಲ ಬಳಕೆದಾರರಿಗೂ ಇದೆ. ಬದಲಿಗೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಅಂಗಡಿಯ ಹೆಸರನ್ನು ಆರಿಸಿದ ಫಾಂಟಿನಲ್ಲಿ ಬರೆದು, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರವನ್ನು ಆಕಾರವಾಗಿ ಬದಲಿಸಿ, ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಬಗೆಯ ಫೈಲ್) ಆಗಿ ಉಳಿಸಿ. ಅಲ್ಲಿಂದ ಮುಂದೆ ಯಾರ ಕಂಪ್ಯೂಟರಿನಲ್ಲಿ ತೆರೆದರೂ ಒತ್ತಕ್ಷರ ಕದಲುವುದಿಲ್ಲ, ಕ್ಯಾನ್ವಾಕ್ಕೆ ಏರಿಸಿದ ಮೇಲೂ ಬಣ್ಣ ಬದಲಿಸಬಹುದು. ಟ್ರೇಡ್‌ಮಾರ್ಕ್ ಅರ್ಜಿಯ ಸರ್ಕಾರಿ ಶುಲ್ಕ ಆನ್‌ಲೈನ್‌ನಲ್ಲಿ ವ್ಯಕ್ತಿ ಅಥವಾ ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ ₹4,500. ಸಿಹಿತಿಂಡಿಗೆ 30ನೇ ವರ್ಗ, ಉಡುಪಿಗೆ 25.

ಲೋಗೊದಲ್ಲಿ ಕನ್ನಡ ಮೇಲೆ, ಉಳಿದ ಭಾಷೆ ಕೆಳಗೆ ಇರಲಿ. ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ, ಅದೂ ಮೇಲರ್ಧದಲ್ಲಿ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಫಲಕಕ್ಕೊಂದು ಜೋಡಣೆ, ಇನ್‌ಸ್ಟಾಗ್ರಾಮ್‌ಗೆ ಇನ್ನೊಂದು ಮಾಡಿಕೊಂಡರೆ ಬೀದಿಯಲ್ಲಿ ಕಂಡ ಅಂಗಡಿಯನ್ನು ಫೋನಿನಲ್ಲಿ ಗುರುತಿಸುವುದು ಕಷ್ಟ.

ಎರಡು ಬಣ್ಣ, ಒಂದು ಮೂಲ ಫೈಲ್

ಉಚಿತ ಖಾತೆಯ ಬ್ರ್ಯಾಂಡ್ ಕಿಟ್‌ನಲ್ಲಿ, ಅಂದರೆ ಅಂಗಡಿಯ ಬಣ್ಣಗಳನ್ನು ಉಳಿಸಿಡುವ ಜಾಗದಲ್ಲಿ, ಮೂರು ಬಣ್ಣ ಇಟ್ಟುಕೊಳ್ಳಬಹುದು. ಇದನ್ನು ಕೊರತೆ ಎನ್ನುವವರಿದ್ದಾರೆ. ಸಣ್ಣ ಅಂಗಡಿಗೆ ಇದೇ ಒಳ್ಳೆಯ ಕಡಿವಾಣ. ಒಂದು ಮುಖ್ಯ ಬಣ್ಣ, ಒಂದು ತಿಳಿ ಹಿನ್ನೆಲೆ, ಈ ಎರಡರ ಜತೆ ಅಕ್ಷರಕ್ಕೆ ಒಂದು ಕಡುಗಪ್ಪು. ಬಣ್ಣವನ್ನು ಕಣ್ಣಂದಾಜಿನಲ್ಲಿ ಆರಿಸದೆ ಕೋಡ್ ಸಮೇತ ಬರೆದಿಡಿ. ಉದಾಹರಣೆಗೆ #771122 ದಾಳಿಂಬೆಯ ಕಡುಗೆಂಪು. ಬಿಳಿಯ ಮೇಲೆ ಇದರ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) 11:1. ಸಣ್ಣ ಅಕ್ಷರ ಸರಾಗವಾಗಿ ಓದಲು 4.5:1 ಇದ್ದರೆ ಸಾಕು ಎನ್ನುತ್ತದೆ ಜಾಲತಾಣಗಳ ಅಂತಾರಾಷ್ಟ್ರೀಯ ಮಾನದಂಡ. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಬರೆದರೆ ಅದು 3.7ಕ್ಕೆ ಇಳಿಯುತ್ತದೆ. ರಾಜ್ಯೋತ್ಸವದ ಪೋಸ್ಟಿನಲ್ಲಿ ಶುಭಾಶಯ ದೊಡ್ಡದಾಗಿರುವುದರಿಂದ ಕಾಣುತ್ತದೆ, ಕೆಳಗಿನ ವಿಳಾಸ ಯಾರಿಗೂ ಕಾಣುವುದಿಲ್ಲ.

ಕೆಂಪಿಗೆ ಇನ್ನೊಂದು ತೊಡಕಿದೆ. ಜೆಪಿಜಿ ಚಿತ್ರಗಳಲ್ಲಿ ಸಾಮಾನ್ಯವಾಗಿ ಬೆಳಕಿನ ವಿವರ ಪೂರ್ತಿ ಉಳಿಯುತ್ತದೆ, ಬಣ್ಣದ ವಿವರ ಅಗಲ-ಎತ್ತರಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಸಿರಿನ ಮೇಲೆ ಕೆಂಪು, ನೀಲಿಯ ಮೇಲೆ ಕೆಂಪು ಇಟ್ಟಾಗ ಅಕ್ಷರವನ್ನು ಹಿನ್ನೆಲೆಯಿಂದ ಬೇರ್ಪಡಿಸುವುದು ಬೆಳಕಲ್ಲ, ಬಣ್ಣ ಮಾತ್ರ. ಅದೇ ಅರ್ಧವಾದಾಗ ಅಂಚು ಕಲಸಿಹೋಗುತ್ತದೆ, ಒತ್ತಕ್ಷರದ ಸಣ್ಣ ಸುರುಳಿ ಮೊದಲು ಮುಚ್ಚಿಹೋಗುತ್ತದೆ. ಕಡು ಹಿನ್ನೆಲೆಗೆ ತಿಳಿ ಅಕ್ಷರ ಅಥವಾ ತಿಳಿ ಹಿನ್ನೆಲೆಗೆ ಕಡು ಅಕ್ಷರ, ಇವೆರಡೇ ದಾರಿ. ಇಳಿಸುವಾಗ ಪಿಎನ್‌ಜಿ ಆರಿಸಿ, ಅಗಲ 1080 ಪಿಕ್ಸೆಲ್‌ಗಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಇನ್‌ಸ್ಟಾಗ್ರಾಮ್ ಮತ್ತೆ ಕುಗ್ಗಿಸುವ ಒಂದು ಸುತ್ತು ತಪ್ಪುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಎಚ್‌ಡಿ ಗುಂಡಿ ಒತ್ತಲು ಮರೆಯಬೇಡಿ.

ಮೂಲ ಫೈಲು ಹೀಗೆ: ಕಸ್ಟಮ್ ಅಳತೆಯಲ್ಲಿ 1080×1350. ಸೆಟ್ಟಿಂಗ್ಸ್‌ನಲ್ಲಿ ರೂಲರ್ ಮತ್ತು ಗೈಡ್ ತೋರಿಸಿ, ನಾಲ್ಕೂ ಬದಿಗೆ 80 ಪಿಕ್ಸೆಲ್ ಒಳಗೆ ಗೆರೆ ಎಳೆಯಿರಿ. ಇನ್‌ಸ್ಟಾಗ್ರಾಮ್ ಪ್ರೊಫೈಲಿನ ಚೌಕಗಳು 2025ರಲ್ಲಿ 3:4ಕ್ಕೆ ಬದಲಾದವು. ನಿಮ್ಮ 4:5ರ ಪೋಸ್ಟಿನ ಎಡಬಲದಲ್ಲಿ ತಲಾ 34 ಪಿಕ್ಸೆಲ್ ಅಲ್ಲಿ ಕತ್ತರಿಸಿಹೋಗುತ್ತದೆ. 80ರ ಒಳಗಿದ್ದರೆ ಚಿಂತೆಯಿಲ್ಲ. ರೀಲ್ ಮುಖಚಿತ್ರ 1080×1920 ಆದ್ದರಿಂದ ಮೇಲೆ ಕೆಳಗೆ ತಲಾ 240 ಹೋಗುತ್ತದೆ, ಹೆಸರು ನಡುಭಾಗದಲ್ಲೇ ಇರಲಿ. ಸ್ಟೋರಿಯಲ್ಲಿ ಮೇಲೆ ಸುಮಾರು 250, ಕೆಳಗೆ 340 ಪಿಕ್ಸೆಲ್ ಖಾಲಿ ಬಿಡಿ, ಇಲ್ಲದಿದ್ದರೆ ಫೋನ್ ನಂಬರಿನ ಮೇಲೆ ಉತ್ತರಿಸುವ ಪಟ್ಟಿ ಬಂದು ಕೂರುತ್ತದೆ.

ಲೋಗೊಕ್ಕೆ ಒಂದೇ ಮೂಲೆ, ಒಂದೇ ಗಾತ್ರ. ಕೆಳಗೆ ಒಂದು ಪಟ್ಟಿ: ಸೀರೆಯಂಗಡಿಯಾದರೆ ಕಡುಗೆಂಪಿನ ಮೇಲೆ ಬಿಳಿ ತೆನಿಗಳ ಸಾಲು, ಕ್ಯಾನ್ವಾದ ತ್ರಿಕೋನ, ಆಯತಗಳಿಂದಲೇ ಕಟ್ಟಬಹುದು; ಸಿಹಿ ಅಂಗಡಿಯಾದರೆ ಬರಿ ಬಣ್ಣದ ಪಟ್ಟಿ ಸಾಕು. ಇವನ್ನೆಲ್ಲ ಆರಿಸಿ ಗ್ರೂಪ್ ಮಾಡಿ, ಲಾಕ್ ಒತ್ತಿ. ಈ ಲಾಕ್ ಕ್ಯಾನ್ವಾದ ಅತಿ ಕಡಿಮೆ ಬಳಕೆಯಾಗುವ, ಅತಿ ಉಪಯೋಗದ ಗುಂಡಿ. ಅಂಗಡಿಯ ಹುಡುಗ ಅವಸರದಲ್ಲಿ ಫೋನಿನಿಂದ ಬೆಲೆ ತಿದ್ದುವಾಗ ಲೋಗೊ ಜಾರುವುದು ಇದರಿಂದಲೇ ನಿಲ್ಲುತ್ತದೆ. ನಾಲ್ಕು ಪುಟ ಮಾಡಿ: ಸರಕು, ಬೆಲೆ, ಹಬ್ಬದ ಶುಭಾಶಯ, ರಜೆ ಅಥವಾ ಸಮಯದ ಸೂಚನೆ. ಹೊಸ ಪೋಸ್ಟ್ ಬೇಕಾದಾಗ ಪುಟವನ್ನು ನಕಲು ಮಾಡಿ ಚಿತ್ರ, ಪದ ಮಾತ್ರ ಬದಲಿಸಿ. ಬನಶಂಕರಿ ಜಾತ್ರೆಗೂ ದಸರೆಗೂ ಚೌಕಟ್ಟು ಅದೇ, ಬಣ್ಣ ಅದೇ, ನಡುವಿನ ಚಿತ್ರ ಮಾತ್ರ ಹೊಸದು.

ಅಕ್ಷರದ ಗಾತ್ರ 40ಕ್ಕಿಂತ ಕೆಳಗೆ ಇಳಿಸಬೇಡಿ. ಫೋನಿನ ತೆರೆಯಲ್ಲಿ ಆ 1080 ಪಿಕ್ಸೆಲ್ ಸುಮಾರು 7 ಸೆಂಟಿಮೀಟರ್ ಅಗಲಕ್ಕೆ ಕುಗ್ಗುತ್ತದೆ, 40ರ ಅಕ್ಷರ ಮೂರು ಮಿಲಿಮೀಟರ್ ಆಸುಪಾಸು ನಿಲ್ಲುತ್ತದೆ. ಅದಕ್ಕಿಂತ ಸಣ್ಣದಾದರೆ ‘ಷ್ಟ’ ಯಾವುದು, ‘ಷ್ಠ’ ಯಾವುದು ತಿಳಿಯುವುದಿಲ್ಲ.

ಫೋಟೊ ಕೆಟ್ಟರೆ ಚೌಕಟ್ಟು ಉಳಿಸದು

ಪ್ರೊದಲ್ಲಿ ಸಿಗುವ ಹಿನ್ನೆಲೆ ಅಳಿಸುವ ಸಾಧನ ಡಬ್ಬಿ, ಬಾಟಲಿ, ಪೊಟ್ಟಣಕ್ಕೆ ಬಲು ಚೊಕ್ಕ. ಸೀರೆಗೆ ಅಲ್ಲ. ಸೆರಗಿನ ಕುಚ್ಚನ್ನು ಅರೆಬರೆ ತಿಂದುಹಾಕುತ್ತದೆ, ಬಿಳಿ ಗೋಡೆಯ ಮುಂದೆ ಹಿಡಿದ ಸೀರೆಯಾದರೆ ಬಿಳಿ ತೆನಿಯ ಅಂಚನ್ನೂ ಹಿನ್ನೆಲೆ ಎಂದುಕೊಳ್ಳುತ್ತದೆ. ತೆನಿಯ ಅಂಚು ಹೋದ ಇಳಕಲ್ ಸೆರಗು ಕೊಳ್ಳುವವರ ಕಣ್ಣಿಗೆ ನಕಲಿ ಮಾಲಿನ ಹಾಗೆ ಕಾಣುತ್ತದೆ. ಅದರ ಬದಲು ಒಂದು ಗೋಡೆ, ಒಂದು ಬೂದು ಅಥವಾ ಕೆನೆಬಣ್ಣದ ಬಟ್ಟೆ, ನೇರ ಬಿಸಿಲು ಬೀಳದ ಕಿಟಕಿ ಗೊತ್ತು ಮಾಡಿಕೊಂಡು ಯಾವಾಗಲೂ ಅಲ್ಲೇ, ಬೆಳಗಿನ ಹೊತ್ತಿನಲ್ಲೇ ತೆಗೆಯಿರಿ. ಅಂಗಡಿಯ ಹಳದಿ ದೀಪ ಆರಿಸಿ. ಕಿಟಕಿ ಬೆಳಕೂ ದೀಪದ ಬೆಳಕೂ ಬೆರೆತರೆ ಅದೇ ಸೆರಗು ಒಂದು ಬದಿಗೆ ಬಿಳಿ, ಇನ್ನೊಂದು ಬದಿಗೆ ಅರಿಶಿನ. ಫೋನಿನ ಪ್ರೊ ಮೋಡ್‌ನಲ್ಲಿ ಬಣ್ಣದ ಸಮತೋಲ ಹಿಡಿಯುವ ವೈಟ್ ಬ್ಯಾಲೆನ್ಸ್ ಅನ್ನು 5200ರಿಂದ 5500 ಕೆಲ್ವಿನ್ ನಡುವೆ ಕಟ್ಟಿಹಾಕಿ. ಕೆಂಪು ರೇಷ್ಮೆಗೆ ಎಕ್ಸ್‌ಪೋಷರ್ (ಚಿತ್ರದ ಬೆಳಕು) ಅರ್ಧ ಸ್ಟಾಪ್ (-0.5) ಕೆಳಗಿಳಿಸಿ. ಫೋನಿನ ಸಂವೇದಕದಲ್ಲಿ ಕೆಂಪು ಬೇಗ ತುಂಬಿ ತುಳುಕುತ್ತದೆ, ಆಗ ನೆರಿಗೆ, ನೇಯ್ಗೆ ಎಲ್ಲ ಕರಗಿ ಒಂದೇ ಕೆಂಪು ಹಾಳೆಯಾಗುತ್ತದೆ. ಗುಳೇದಗುಡ್ಡ ಖಣಕ್ಕಾದರೆ ಕಸೂತಿಯಂಥ ನೇಯ್ಗೆ ಕಾಣುವಷ್ಟು ಹತ್ತಿರದ ಒಂದು ಚಿತ್ರ ಕಡ್ಡಾಯ.

ಕರದಂಟಿನ ಕಷ್ಟ ಬೇರೆ. ಕಂದು ಸರಕನ್ನು ಕಡುಗೆಂಪು ಹಿನ್ನೆಲೆಗೆ ಇಟ್ಟರೆ ಬೆಲ್ಲದ ಉಂಡೆಯೋ ಮಣ್ಣೋ ಗೊತ್ತಾಗದು. ಗೋಕಾಕ, ಅಮೀನಗಡ ಎರಡೂ ಕಡೆಯ ಅಂಗಡಿಗಳಿಗೆ ಇದು ಅನ್ವಯ: ಹಿನ್ನೆಲೆ ಕೆನೆಬಣ್ಣ, ಬೆಳಕು ಪಕ್ಕದಿಂದ, ತುಂಡನ್ನು ಕತ್ತರಿಸಿ ಗೋಡಂಬಿ, ಅಂಟಿನ ಹರಳು ಕಾಣುವ ಮುಖ ಮುಂದೆ. ಕುಂದಾಕ್ಕೆ ಹೊಳೆಯುವ ಸ್ಟೀಲ್ ತಟ್ಟೆ ಬೇಡ. ತಟ್ಟೆಯಲ್ಲಿ ಕಿಟಕಿ ಮೂಡಿ ಕಣ್ಣು ಅತ್ತ ಹೋಗುತ್ತದೆ.

ಎಐ ಚಿತ್ರ ಸೃಷ್ಟಿಸುವ ಸೌಲಭ್ಯವೂ ಕ್ಯಾನ್ವಾದಲ್ಲಿದೆ. ಮಾರುವ ಸರಕಿಗೆ ಅದನ್ನು ಬಳಸಲೇಬಾರದು. ಅದು ನೇಯ್ದ ಸೀರೆ ಯಾವ ಮಗ್ಗದಲ್ಲೂ ಇಲ್ಲ, ಪಾರ್ಸೆಲ್ ಬಿಚ್ಚಿದ ದಿನ ಗಿರಾಕಿಗೆ ಅದು ಗೊತ್ತಾಗುತ್ತದೆ.

ಉಚಿತವೋ, ಪ್ರೊ ಚಂದಾವೋ

ಹತ್ತಕ್ಕಿಂತ ಕಡಿಮೆ ಬಗೆಯ ಸರಕು, ವಾರಕ್ಕೆ ಎರಡು ಮೂರು ಪೋಸ್ಟ್, ಪಟ್ಟಿಯಲ್ಲಿರುವ ಕನ್ನಡ ಫಾಂಟೇ ಸಾಕು ಎನ್ನುವವರಿಗೆ ಉಚಿತ ಖಾತೆ ಧಾರಾಳ. ದಿನಾಲೂ ಹೊಸ ಮಾಲಿನ ಚಿತ್ರ ಹಾಕುವ, ಒಂದೇ ವಿನ್ಯಾಸವನ್ನು ಪೋಸ್ಟ್, ಸ್ಟೋರಿ, ವಾಟ್ಸ್‌ಆ್ಯಪ್ ಕ್ಯಾಟಲಾಗ್ ಮೂರಕ್ಕೂ ಅಳತೆ ಬದಲಿಸಬೇಕಾದ, ತನ್ನದೇ ಫಾಂಟು ಏರಿಸಬೇಕಾದ ಅಂಗಡಿಗೆ ಪ್ರೊ ದುಡ್ಡಿಗೆ ಮೋಸವಿಲ್ಲ. ಅಳತೆ ತಾನಾಗಿ ಬದಲಾದ ಮೇಲೆ ಸಾಲುಗಳು ಎಲ್ಲೆಂದರಲ್ಲಿ ಮುರಿದಿರುತ್ತವೆ, ಕೈಯಿಂದ ತಿದ್ದುವ ಕೆಲಸ ಉಳಿದೇ ಉಳಿಯುತ್ತದೆ.

ನೂರಿನ್ನೂರು ರೂಪಾಯಿಗೆ ‘ಜೀವನಪರ್ಯಂತ ಪ್ರೊ’ ಎಂದು ಟೆಲಿಗ್ರಾಮ್‌ನಲ್ಲಿ ಮಾರುವುದನ್ನು ಕೊಳ್ಳಬೇಡಿ. ಅದು ಯಾರದೋ ತಂಡದ ಖಾತೆಗೆ ನಿಮ್ಮನ್ನು ಸೇರಿಸುವುದು. ಅವರು ತೆಗೆದುಹಾಕಿದ ದಿನ ಬ್ರ್ಯಾಂಡ್ ಕಿಟ್ಟೂ ಆ ತಂಡದಲ್ಲಿ ಮಾಡಿದ ವಿನ್ಯಾಸಗಳೂ ಕೈತಪ್ಪುತ್ತವೆ.

ಕಂಪ್ಯೂಟರ್ ಇಲ್ಲದೆ ಆಂಡ್ರಾಯ್ಡ್ ಫೋನಿನಲ್ಲೇ ಮುಗಿಸುವವರಿಗೆ ಪಿಕ್ಸೆಲ್‌ಲ್ಯಾಬ್ ಇದೆ, ಹೊರಗಿನ ಫಾಂಟನ್ನು ದುಡ್ಡಿಲ್ಲದೆ ಸೇರಿಸಲು ಬಿಡುತ್ತದೆ. ಆದರೆ ಹಲವರು ಸೇರಿ ಒಂದೇ ಮೂಲ ಫೈಲಿನಲ್ಲಿ ಕೆಲಸ ಮಾಡುವುದು ಅಲ್ಲಿ ಆಗದ ಮಾತು.

ಮುದ್ರಣಕ್ಕೆ ಹೋಗುವಾಗ ಕ್ಯಾನ್ವಾದ ಜೆಪಿಜಿ ಕೊಟ್ಟು ಬರಬೇಡಿ. ಫ್ಲೆಕ್ಸ್ ಅಂಗಡಿಯವರು ಅದನ್ನು ನೋಡಿ ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ತಮ್ಮಲ್ಲಿರುವ ಫಾಂಟಿನಿಂದ ಹೆಸರನ್ನು ಹೊಸದಾಗಿ ಬರೆಯುತ್ತಾರೆ, ಅಲ್ಲಿಗೆ ನಿಮ್ಮ ಅಕ್ಷರ ಹೋಯಿತು. ಲೋಗೊದ ಎಸ್‌ವಿಜಿಯನ್ನು ಪಿಡಿಎಫ್ ಮಾಡಿ ಕೊಡಿ, ಹೆಸರನ್ನು ಮತ್ತೆ ಟೈಪ್ ಮಾಡಬೇಡಿ ಎಂದು ಬರೆದೇ ಕೊಡಿ. ತೆರೆಯ ಮೇಲಿನ ಕಡುಗೆಂಪು ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಬಣ್ಣದ ಶಾಯಿಗೆ ಬಂದಾಗ ಕಂದಿನ ಕಡೆಗೋ ಗುಲಾಬಿಯ ಕಡೆಗೋ ವಾಲಬಹುದು; ಇಡೀ ಬೋರ್ಡ್ ಮುದ್ರಿಸುವ ಮುನ್ನ ಅದೇ ಯಂತ್ರದಲ್ಲಿ, ಅದೇ ಫ್ಲೆಕ್ಸ್ ಮೇಲೆ ಒಂದು ಅಡಿಯ ತುಂಡು ತೆಗೆಸಿ, ಹಗಲಿನ ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಿ. ಒಪ್ಪಿದ ತುಂಡಿನ ಹಿಂದೆ ಶಾಯಿಯ ನಾಲ್ಕು ಅಂಕಿಗಳನ್ನು ಬರೆಸಿಕೊಂಡು ಇಟ್ಟುಕೊಳ್ಳಿ, ಮುಂದಿನ ಸಲ ಕೈಚೀಲ, ಡಬ್ಬಿ ಮಾಡಿಸುವಾಗ ಅದನ್ನೇ ಕೊಡಬಹುದು.